ಹೌನ್ಸ್ಲೋ ಬಿಡದೆ ಅಮೆರಿಕ ದರ್ಶನ

ಷಡ್ಡಕ ಎಂಬ ಸಂಬಂಧವನ್ನು ಕಂಡುಹಿಡಿದವರು ಯಾರೋ ಗೊತ್ತಿಲ್ಲ. ಸಿಕ್ಕರೆ ಎರಡು ಮಾತು ಕೇಳಬೇಕು ಅಂತಿದ್ದೇನೆ. ಅಣ್ಣತಮ್ಮಂದಿರ ಜೊತೆ ಜಗಳ ಆಡಬಹುದು. ಭಾವಮೈದುನನ ಕಾಲೆಳೆಯಬಹುದು. ಮಾವನ ಮುಂದೆ ತಲೆ ತಗ್ಗಿಸಿ ಕೂತರೆ ಮುಗಿಯಿತು. ಆದರೆ ಹೆಂಡತಿಯ ಅಕ್ಕನ ಗಂಡ ಅಂತ ಒಬ್ಬರು ಇರುತ್ತಾರಲ್ಲ, ಅವರ ಜೊತೆ ಜಗಳವೂ ಸಲ್ಲದು, ಸಲಿಗೆಯೂ ಸಲ್ಲದು. ಒಂದೇ ಮನೆಯ ಅಳಿಯಂದಿರು ಎಂಬ ಅಪರಾಧಕ್ಕೆ ಜನ ನಮ್ಮಿಬ್ಬರನ್ನೂ ಜೀವಮಾನವಿಡೀ ಅಕ್ಕಪಕ್ಕ ನಿಲ್ಲಿಸಿ ಅಳೆಯುತ್ತಿರುತ್ತಾರೆ.

ನನ್ನ ಪಾಲಿಗೆ ಬಂದಿರುವ ಷಡ್ಡಕರ ಹೆಸರು ಅಶ್ವತ್ಥನಾರಾಯಣ. ಇಪ್ಪತ್ತೆರಡು ವರ್ಷದಿಂದ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾರೆ. ಅಲ್ಲಿ ಅವರನ್ನು ಎಲ್ಲರೂ 'ಆಶ್' ಅಂತ ಕರೆಯುತ್ತಾರಂತೆ. (ಹೆಸರನ್ನು ಅಷ್ಟು ಮೊಟಕು ಮಾಡಿಕೊಂಡ ಮಹಾನುಭಾವರು ಮಾತನ್ನು ಒಂದಿಂಚೂ ಮೊಟಕು ಮಾಡಿಕೊಂಡಿಲ್ಲ.) ಆರು ವರ್ಷದ ಹಿಂದೆ ನಾವು ಅವರ ಮನೆಯಲ್ಲಿ ಹನ್ನೊಂದು ದಿನ ಇದ್ದೆವು. ಆ ಹನ್ನೊಂದು ದಿನಗಳಲ್ಲಿ ನಾನು ಡಿಶ್‌ವಾಷರಿಗೆ ಲೋಟ ಜೋಡಿಸುವುದು ತಪ್ಪು, ಬಾಗಿಲು ಹಾಕುವುದು ತಪ್ಪು, ಟವೆಲ್ ಮಡಿಸುವುದು ತಪ್ಪು, ಕೊನೆಗೆ ಕೆಮ್ಮುವುದೂ ತಪ್ಪು ಎಂದು ಸಾಬೀತಾಯಿತು. ಅಂಗೈ ಅಡ್ಡ ಹಿಡಿದು ಕೆಮ್ಮಬಾರದಂತೆ, ಮೊಣಕೈಯೊಳಗೆ ಕೆಮ್ಮಬೇಕಂತೆ. ಪ್ರತಿ ಪಾಠವೂ ಒಂದೇ ಪಲ್ಲವಿಯಿಂದ ಶುರು: "ಮಧು, ಈ ದೇಶದಲ್ಲಿ ಹೇಗೇಂದ್ರೆ..." ವಾಪಸ್ಸು ಬಂದು ಹೀಥ್ರೂನಲ್ಲಿ ಇಳಿದ ಗಳಿಗೆಯಲ್ಲೇ ನಾನು ಮನಸ್ಸಿನೊಳಗೆ ಭೀಷಣ ಪ್ರತಿಜ್ಞೆ ಮಾಡಿದೆ. ಆ ಮನೆಯ ಹೊಸ್ತಿಲನ್ನು ಇನ್ನು ತುಳಿಯುವವನಲ್ಲ ಈ ಮಧುಸೂದನ.

ಪ್ರತಿಜ್ಞೆ ಆರು ವರ್ಷ ಸುಖವಾಗಿತ್ತು. ಈ ಏಪ್ರಿಲ್ಲಿನ ಒಂದು ಶನಿವಾರ ಬೆಳಿಗ್ಗೆ, ಲಂಡನ್ನಿನ ಅಂಚಿನ ಹೌನ್ಸ್ಲೋದ ನಮ್ಮ ಅಡುಗೆಮನೆಯಲ್ಲಿ, ನನ್ನ ಹೆಂಡತಿ ವೇದವತಿ ನನಗೆ ಎರಡನೇ ಸಲ ಉಪ್ಪಿಟ್ಟು ಬಡಿಸಿದಳು. ಕೇಳದೇ ಬಡಿಸಿದಳು. ಅದೂ ಬಾಣಲೆಯಲ್ಲಿ ಗೋಡಂಬಿ ಹುಡುಕಿ ಹುಡುಕಿ. ಮದುವೆಯಾಗಿ ಹದಿನೆಂಟು ವರ್ಷ ಕಳೆದ ಗಂಡಸಿಗೆ ಇದರ ಅರ್ಥ ಗೊತ್ತಿರುತ್ತದೆ.

"ರೀ, ಸಿರಿಶಾಗೆ ಮುಂದಿನ ವರ್ಷ ಜಿಸಿಎಸ್‌ಇ ಪಬ್ಲಿಕ್ ಪರೀಕ್ಷೆ. ಹಿಸ್ಟರೀಲಿ ಅಮೆರಿಕದ ಪೇಪರ್ ಇದೆಯಂತೆ," ಎಂದಳು.

"ಓದ್ಲಿ."

"ಬರೀ ಓದಿದ್ರೆ ತಲೆಗೆ ಹತ್ತುತ್ತಾ? ಮ್ಯೂಸಿಯಂ, ಪಾರ್ಕು, ಹಳೇ ಕಟ್ಟಡ ಎಲ್ಲಾ ಕಣ್ಣಾರೆ ನೋಡ್ಬೇಕು. ಚಿನ್ಮಯಿ ಅಕ್ಕ ಹೇಳ್ತಿದ್ಲು, ಬೇಸಿಗೆ ರಜಕ್ಕೆ ಮೂರು ವಾರ ಬಂದ್ಬಿಡಿ, ಭಾವ ತಾವೇ ಕಾರಲ್ಲಿ ಕರ್ಕೊಂಡು ಹೋಗಿ ಎಲ್ಲಾ ವಿವರಿಸ್ತಾರಂತೆ."

ಮೂರು ವಾರ! ಮುಚ್ಚಿದ ಕಾರಿನಲ್ಲಿ! ವಿವರಣೆಯ ಸಮೇತ! ಗೋಡಂಬಿ ಗಂಟಲಲ್ಲೇ ನಿಂತಿತು. ಕೆಮ್ಮಿದೆ, ಅಂಗೈ ಅಡ್ಡ ಹಿಡಿದೇ ಕೆಮ್ಮಿದೆ.

"ಐಯಾಮ್ ರೈಟ್ ಹಿಯರ್, ಯು ನೋ," ಎಂದಳು ಮೇಜಿನ ಆ ತುದಿಯಿಂದ ಸಿರಿಶಾ, ಫೋನಿನಿಂದ ತಲೆ ಎತ್ತದೆ. ಹದಿನೈದು ವರ್ಷದ ನಮ್ಮ ಮಗಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ. ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ.

ಅಪಾಯ ಬಂದಾಗಲೇ ಬುದ್ಧಿ ಚುರುಕಾಗುವುದು. ನಾನು ಮೇಜಿನ ಕೆಳಗೆ ಫೋನ್ ಹಿಡಿದು ಎರಡು ನಿಮಿಷ ಒತ್ತಿ ನೋಡಿದೆ. ಜ್ಞಾನೋದಯವಾಯಿತು.

"ಅಮೆರಿಕದ ಇತಿಹಾಸ ಕಲಿಯೋಕೆ ಅಮೆರಿಕಕ್ಕೆ ಯಾಕೆ ಹೋಗ್ಬೇಕು?" ಎಂದೆ.

"ಮತ್ತೆ? ಧಾರವಾಡಕ್ಕೆ ಹೋಗ್ಬೇಕಾ?"

"ಲಂಡನ್ನಿನಲ್ಲೇ ಇದೆ ಕಣೇ ಎಲ್ಲಾ! ಜಾರ್ಜ್ ವಾಷಿಂಗ್ಟನ್ ಟ್ರಫಾಲ್ಗರ್ ಸ್ಕ್ವೇರಲ್ಲಿ ನಿಂತಿದಾನೆ. ಲಿಂಕನ್ ಪಾರ್ಲಿಮೆಂಟಿನ ಎದುರಿಗೇ ಇದಾನೆ. ಬೆಂಜಮಿನ್ ಫ್ರಾಂಕ್ಲಿನ್ ವಾಸವಾಗಿದ್ದ ಮನೆ ಚೇರಿಂಗ್ ಕ್ರಾಸ್ ಸ್ಟೇಷನ್ ಪಕ್ಕದಲ್ಲಿ. ಐಸೆನ್‌ಹೋವರ್ ಕೂತು ಯುದ್ಧದ ಯೋಜನೆ ಹಾಕಿದ ಬುಶಿ ಪಾರ್ಕ್ ನಮ್ಮ ನೂರಾಹನ್ನೊಂದು ನಂಬರ್ ಬಸ್ಸಿನ ದಾರೀಲಿ! ಇಷ್ಟು ಇಟ್ಕೊಂಡು ಸಮುದ್ರ ದಾಟೋರು ಉಂಟಾ?"

ವೇದವತಿ ಸೌಟು ಕೆಳಗಿಟ್ಟು ನನ್ನನ್ನೇ ನೋಡಿದಳು. ಇವಳಿಗೆ ನನ್ನ ಪ್ರತಿಜ್ಞೆಯ ವಿಷಯ ನಾನು ಯಾವತ್ತೂ ಹೇಳಿಲ್ಲ. ಹೇಳದಿದ್ದರೂ ಆರು ವರ್ಷದಿಂದ ಗೊತ್ತು.

"ಸರಿ. ಜೂನಲ್ಲಿ ಸ್ಕೂಲಲ್ಲಿ ಟೆಸ್ಟ್ ಇದೆ. ನಿಮ್ಮ ಲಂಡನ್ ಅಮೆರಿಕ ನೋಡಿ ಅವಳಿಗೆ ಒಳ್ಳೆ ಮಾರ್ಕ್ಸ್ ಬಂದ್ರೆ ನಾನು ಅಕ್ಕನ ಮನೆ ಮಾತೆತ್ತಲ್ಲ. ಬರ್ಲಿಲ್ವೋ, ಬಾಯಿ ಮುಚ್ಕೊಂಡು ಮೂರು ವಾರ ಬರ್ಬೇಕು. ಒಪ್ಪಿಗೇನಾ?"

"ಒಪ್ಪಿಗೆ," ಎಂದೆ ರಾಜಗಾಂಭೀರ್ಯದಿಂದ. ಸಿರಿಶಾ ಏನೋ ಹೇಳಲು ಬಾಯಿ ತೆರೆದಳು. "ನೀನು ಸುಮ್ನಿರು, ದೊಡ್ಡೋರು ಮಾತಾಡ್ತಿದೀವಿ," ಎಂದೆ. (ಆ ಬಾಯಿಯನ್ನು ಅವತ್ತು ಮುಚ್ಚಿಸಬಾರದಿತ್ತು ಎಂದು ಜೂನಿನಲ್ಲಿ ಗೊತ್ತಾಯಿತು.)

ಮುಂದಿನ ಶನಿವಾರ ದಂಡಯಾತ್ರೆ ಹೊರಟಿತು. ಚಿತ್ರಾನ್ನದ ಡಬ್ಬಿ, ಮೊಸರನ್ನದ ಡಬ್ಬಿ, ಕೊಡೆ, ಮತ್ತು ನಾನು ಆಫೀಸಿನ ಪ್ರಿಂಟರಿನಲ್ಲಿ ಗುಟ್ಟಾಗಿ ಮುದ್ರಿಸಿಕೊಂಡ ಹದಿನಾಲ್ಕು ಪುಟ ಟಿಪ್ಪಣಿ. ಟ್ಯೂಬ್ ರೈಲಿನಲ್ಲಿ ಸಿರಿಶಾ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನಮ್ಮಿಂದ ನಾಲ್ಕು ಸೀಟು ದೂರ ಕೂತಳು. ನಮಗೂ ಅವಳಿಗೂ ಯಾವ ಸಂಬಂಧವೂ ಇಲ್ಲ ಎಂದು ಇಡೀ ಪಿಕಡಿಲಿ ಲೈನಿಗೆ ಸಾರಬೇಕಿತ್ತು ಅವಳಿಗೆ.

ಟ್ರಫಾಲ್ಗರ್ ಸ್ಕ್ವೇರಿನಲ್ಲಿ, ನ್ಯಾಷನಲ್ ಗ್ಯಾಲರಿಯ ಮುಂದಿನ ಹುಲ್ಲಿನ ಮೇಲೆ, ವಾಷಿಂಗ್ಟನ್ ಯಾರ ಗೊಡವೆಯೂ ಇಲ್ಲದೆ ನಿಂತಿದ್ದ. ನಾನು ಗಂಟಲು ಸರಿಮಾಡಿಕೊಂಡೆ.

"ಇಂಗ್ಲೆಂಡಿನ ಮಣ್ಣು ತುಳಿಯೋದಿಲ್ಲ ಅಂತ ಈತ ಹೇಳಿದ್ದನಂತೆ. ಅದಕ್ಕೇ ಈ ಪ್ರತಿಮೆ ನಿಲ್ಲಿಸುವಾಗ ವರ್ಜೀನಿಯಾದಿಂದ ಮಣ್ಣು ತರಿಸಿ ಕೆಳಗೆ ಹಾಕಿದಾರೆ ಅಂತ ಜನ ಕಥೆ ಹೇಳ್ತಾರೆ. ಮಾತು ಅಂದ್ರೆ ಮಾತು! ಗಂಡಸು ಅಂದ್ರೆ ಹೀಗಿರಬೇಕು."

"ಅಷ್ಟೆಲ್ಲಾ ಹಠ ಮಾಡಿ ಕೊನೆಗೆ ಬಂದು ನಿಂತಿದ್ದು ಇಲ್ಲೇ ತಾನೇ?" ಎಂದು ವೇದವತಿ ಫೋಟೊ ತೆಗೆದಳು. ಈ ಹೆಂಗಸಿನ ಜೊತೆ ಇತಿಹಾಸ ಮಾತಾಡುವುದು ಕಷ್ಟ.

ಅಲ್ಲಿಂದ ಫ್ರಾಂಕ್ಲಿನ್ನನ ಮನೆಗೆ. ಇಕ್ಕಟ್ಟಾದ ಬೀದಿ, ಕಿರಿದಾದ ಮನೆ, ಓರೆಯಾದ ನೆಲ, ಕಿರುಗುಟ್ಟುವ ಮೆಟ್ಟಿಲು. ವಿವರಿಸಲು ಬಿಳಿಗೂದಲಿನ ಒಬ್ಬ ಹೆಂಗಸು ಬಂದರು. ಫ್ರಾಂಕ್ಲಿನ್ನನಿಗೆ ಬೆಳಿಗ್ಗೆ ಹೊತ್ತು ಗಾಳಿಸ್ನಾನ ಮಾಡುವ ಅಭ್ಯಾಸವಿತ್ತು, ಅಂದರೆ ಕಿಟಕಿ ತೆರೆದು ಮೈಮೇಲೆ ಬಟ್ಟೆಯಿಲ್ಲದೆ ಕೂರುತ್ತಿದ್ದ ಎಂದು ಅವರು ಶಾಂತವಾಗಿ ಹೇಳಿದರು. ಸಿರಿಶಾ ಮೊದಲ ಸಲ ಇಯರ್‌ಫೋನ್ ಕಿತ್ತಳು. "ರೀ, ಮಗುನ್ನ ಕರ್ಕೊಂಡು ಬರೋ ಜಾಗಾನಾ ಇದು?" ಎಂದು ವೇದವತಿ ನನ್ನ ಪಕ್ಕೆ ತಿವಿದಳು. ಆಮೇಲೆ ಆ ಹೆಂಗಸು, ಮನೆಯ ಕೆಳಗಿನ ನೆಲ ಅಗೆದಾಗ ಮನುಷ್ಯರ ಮೂಳೆಗಳು ಸಿಕ್ಕಿದ್ದವು, ಹಿಂದೆ ಇಲ್ಲೊಬ್ಬ ವೈದ್ಯ ಹೆಣ ಕೊಯ್ದು ಪಾಠ ಹೇಳುತ್ತಿದ್ದ ಎಂದರು. ವೇದವತಿ ಚಿತ್ರಾನ್ನದ ಡಬ್ಬಿಯಿದ್ದ ಚೀಲವನ್ನು ನೆಲದಿಂದ ಎತ್ತಿ ಎದೆಗವಚಿಕೊಂಡಳು. ಮನೆಗೆ ಹೋದ ತಕ್ಷಣ ಎಲ್ಲರೂ ತಲೆಗೆ ಸ್ನಾನ ಮಾಡತಕ್ಕದ್ದು ಎಂಬ ಆಜ್ಞೆ ಅಲ್ಲೇ ಹೊರಟಿತು.

ಕೊನೆಯ ಕೋಣೆಯಲ್ಲಿ ಮಾತ್ರ ಅವಳು ಚೀಲದ ಚಿಂತೆ ಬಿಟ್ಟು ಕಿವಿಗೊಟ್ಟಳು. ಫ್ರಾಂಕ್ಲಿನ್ ಹೆಚ್ಚುಕಡಿಮೆ ಹದಿನಾರು ವರ್ಷ ಇಲ್ಲಿದ್ದನಂತೆ. ಅವನ ಹೆಂಡತಿಗೆ ಸಮುದ್ರ ಅಂದರೆ ಭಯ, ಅಮೆರಿಕದಲ್ಲೇ ಉಳಿದಳು. ಬಾ ಬಾ ಅಂತ ಕಾಗದ ಬರೆಯುತ್ತಲೇ ಇದ್ದಳು. ಕೊನೆಗೆ ಅವನು ವಾಪಸ್ಸು ಹೋಗುವ ಮುಂಚೆಯೇ ತೀರಿಕೊಂಡಳು.

"ಬೇಕಾದೋರನ್ನ ನೋಡೋಕೆ ಹೋಗ್ಬೇಕು ಅನ್ಸಿದಾಗ ಹೋಗ್ಬಿಡಬೇಕು ಅಲ್ವೇನ್ರೀ," ಎಂದಳು ಮೆಟ್ಟಿಲಿಳಿಯುತ್ತಾ. ನಾನು ಟಿಪ್ಪಣಿಯ ಪುಟ ತಿರುಗಿಸುತ್ತಾ ಕೇಳಿಸದವನ ಹಾಗೆ ಇದ್ದೆ. ಕೇಳಿಸಿತ್ತು.

ಎರಡನೇ ಶನಿವಾರ ಬುಶಿ ಪಾರ್ಕ್. ಮೂರನೆಯದಕ್ಕೆ ಲಿಂಕನ್, ರೂಸ್‌ವೆಲ್ಟ್. ನಿಜ ಹೇಳಬೇಕೆಂದರೆ, ಈ ಹೊತ್ತಿಗೆ ನನಗೇ ಹುಚ್ಚು ಹಿಡಿದಿತ್ತು. ಆಫೀಸಿನಲ್ಲಿ ಊಟದ ಹೊತ್ತಿನಲ್ಲಿ ಬೋಸ್ಟನ್ ಬಂದರಿನಲ್ಲಿ ಚಹಾ ಸುರಿದ ಕಥೆ ಓದುತ್ತಿದ್ದೆ. ಬುಶಿ ಪಾರ್ಕಿನಲ್ಲಿ ಜಿಂಕೆಗಳೂ ಕಿವಿ ನಿಮಿರಿಸಿ ಕೇಳುವಂತೆ ಮುಕ್ಕಾಲು ಗಂಟೆ ಮಾತಾಡಿದೆ. ಮಳೆ ಬಂತು; ಮಾತು ನಿಲ್ಲಿಸಲಿಲ್ಲ. ಸಿರಿಶಾ ಮರದ ಕೆಳಗೆ ಕೂತು ಫೋನ್ ನೋಡುತ್ತಿದ್ದಳು. ಟಿಪ್ಪಣಿ ಮಾಡಿಕೊಳ್ಳುತ್ತಿದ್ದಾಳೆ ಎಂದು ನಾನು ತಿಳಿದುಕೊಂಡೆ. ವೇದವತಿ ಎಲ್ಲದರ ಫೋಟೊ ತೆಗೆದು ಅಕ್ಕನಿಗೆ ಕಳಿಸುತ್ತಿದ್ದಳು, ನಾನು ಅದನ್ನು ತಡೆಯಲಿಲ್ಲ. ನೋಡಲಿ ಅಂತಲೇ ಇತ್ತು.

ನೋಡಿದರು. ಭಾನುವಾರ ಸಂಜೆ ವಿಡಿಯೋ ಕಾಲ್ ಬಂತು. ಪರದೆಯ ತುಂಬ ಅಶ್ವತ್ಥನಾರಾಯಣರ ಹಣೆ. ಮೂಲೆಯಲ್ಲಿ ಚಿನ್ಮಯಿ ಅತ್ತಿಗೆಯ ಅರ್ಧ ಮುಖ.

"ಮಧು, ಫೋಟೊ ನೋಡ್ದೆ. ನೈಸ್ ಟ್ರೈ. ಆದ್ರೆ ಫ್ರಾಂಕ್ಲಿನ್ ಅಂದ್ರೆ ಫಿಲಡೆಲ್ಫಿಯಾ. ನಮ್ಮನೆಯಿಂದ ಅರ್ಧ ಗಂಟೆ ಡ್ರೈವ್. ಇಲ್ಲಿ ಬಂದ್ರೆ ಅವನ ಅಸಲಿ ಮನೆ ತೋರಿಸ್ತೀನಿ."

ಹದಿನೆಂಟು ವರ್ಷದಿಂದ ಕಾದಿದ್ದ ಗಳಿಗೆ ಅದು ಎಂದು ನನ್ನ ಮೈಯ ಪ್ರತಿ ರೋಮಕ್ಕೂ ಗೊತ್ತಾಯಿತು.

"ಅಲ್ಲಿ ಮನೆ ಎಲ್ಲಿದೆ ಅಶ್ವತ್ಥನಾರಾಯಣ ಅವರೇ?" ಎಂದೆ ಮೆತ್ತಗೆ. "ಅದನ್ನ ಇನ್ನೂರು ವರ್ಷದ ಹಿಂದೆಯೇ ಕೆಡವಿದ್ರು. ಈಗ ಇರೋದು ಬರೀ ಕಬ್ಬಿಣದ ಚೌಕಟ್ಟು. ಗೋಡೆ, ಬಾಗಿಲು, ಮೆಟ್ಟಿಲು ಸಮೇತ ಫ್ರಾಂಕ್ಲಿನ್ ವಾಸವಾಗಿದ್ದ ಮನೆ ಇಡೀ ಪ್ರಪಂಚದಲ್ಲಿ ಉಳಿದಿರೋದು ಒಂದೇ. ಅದು ಇಲ್ಲಿದೆ. ನಮ್ಮೂರಲ್ಲಿ."

ಹಣೆ ಪರದೆಯಿಂದ ಹಿಂದೆ ಸರಿಯಿತು. ಫೋನಿನಲ್ಲಿ ಏನೋ ಒತ್ತಿ ನೋಡುವ ಸದ್ದು. ಆಮೇಲೆ ಮೌನ. ಅಶ್ವತ್ಥನಾರಾಯಣರ ಮೌನವನ್ನು ಅದಕ್ಕೂ ಮುಂಚೆ ಕೇಳಿದವರು ಭೂಮಿಯ ಮೇಲೆ ಯಾರೂ ಇಲ್ಲ. ಅತ್ತಿಗೆಯ ಅರ್ಧ ಮುಖದಲ್ಲಿ ಪೂರ್ತಿ ನಗು ಕಂಡಿತು.

"ಓ. ಐ ಡಿಡ್ ನಾಟ್ ನೋ ದಟ್," ಎಂದರು ಕೊನೆಗೆ.

ಗೆದ್ದವನಿಗೆ ಉದಾರತನ ಉಕ್ಕಿ ಬರುತ್ತದೆ. ನನಗೂ ಉಕ್ಕಿತು. "ನೀವೂ ಒಂದ್ಸಲ ಬನ್ನಿ, ಎಲ್ಲಾ ನಾನೇ ತೋರಿಸ್ತೀನಿ. ಎಷ್ಟು ದಿನ ಬೇಕಾದ್ರೂ ಇರಿ. ನಿಮ್ಮನೇ ಅಂತ್ಲೇ ತಿಳ್ಕೊಳ್ಳಿ," ಎಂದೆ.

ಇದನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಆದರೂ ನನ್ನ ಸಮಾಧಾನಕ್ಕೆ ಹೇಳುತ್ತೇನೆ. ಮಾತು ಮುಗಿಸುವಾಗ 'ಒಂದ್ಸಲ ಮನೆ ಕಡೆ ಬನ್ನಿ' ಅನ್ನಬೇಕು. ಅದು ಮರ್ಯಾದೆ. ಆ ಕಡೆಯವರು 'ಆಗ್ಲಿ, ನೋಡೋಣ' ಅನ್ನಬೇಕು. ಹಾಗಂದರೆ ಬರುವುದಿಲ್ಲ ಅಂತ ಅರ್ಥ. ಕರೆದವರ ಮಾನವೂ ಉಳಿಯಿತು, ಬಾರದವರ ಮಾನವೂ ಉಳಿಯಿತು. ನಮ್ಮಮ್ಮ ಮೈಸೂರು ರೈಲಿನಲ್ಲಿ ಎದುರು ಸೀಟಿಗೆ ಬಂದು ಕೂತವರನ್ನೆಲ್ಲ ನಲವತ್ತು ವರ್ಷ ಹೀಗೆ ಮನೆಗೆ ಕರೆದಿದ್ದಾರೆ. ಇವತ್ತಿನವರೆಗೆ ಒಬ್ಬರೂ ಬಂದಿಲ್ಲ. ಇಡೀ ವ್ಯವಸ್ಥೆ ನಿಂತಿರುವುದೇ ಎರಡೂ ಕಡೆಯವರು ನಾಟಕದವರ ಹಾಗೆ ತಮ್ಮ ತಮ್ಮ ಸಾಲನ್ನು ಸರಿಯಾಗಿ ಹೇಳುವುದರ ಮೇಲೆ.

ಇಪ್ಪತ್ತೆರಡು ವರ್ಷ ಅಮೆರಿಕದಲ್ಲಿದ್ದ ಅಶ್ವತ್ಥನಾರಾಯಣರು ತಮ್ಮ ಸಾಲು ಮರೆತುಬಿಟ್ಟಿದ್ದರು. "ಶೂರ್! ಥ್ಯಾಂಕ್ಸ್ ಮಧು!" ಎಂದರು.

ಮಾರನೇ ದಿನ ಬೆಳಿಗ್ಗೆ ನಾನು ಕಾಫಿ ಲೋಟ ಕೈಗೆತ್ತಿಕೊಳ್ಳುವಷ್ಟರಲ್ಲಿ ಟಿಕೆಟ್ ಬಂದಿತ್ತು. ಇಬ್ಬರಿಗೆ. ಜುಲೈ ಇಪ್ಪತ್ತೈದಕ್ಕೆ ಬರುವುದು, ಆಗಸ್ಟ್ ಇಪ್ಪತ್ತೊಂಬತ್ತಕ್ಕೆ ಹೋಗುವುದು. ಬೆರಳು ಮಡಿಸಿ ಎಣಿಸಿದೆ. ಐದು ವಾರ.

"ವೇದಾ, ನಾನು ಸುಮ್ನೆ ಮಾತಿಗೆ ಅಂದಿದ್ದು ಕಣೇ! ಮಾತಿಗೆ!"

ಅವಳಿಗೆ ನನ್ನ ಮಾತು ಕೇಳಿಸುವ ಸ್ಥಿತಿ ಇರಲಿಲ್ಲ. ಫೋನ್ ಹಿಡಿದುಕೊಂಡು ಸಿಂಕಿನ ಹತ್ತಿರ ನಿಂತು ಅಳುತ್ತಿದ್ದಳು. "ಅಕ್ಕ ಬರ್ತಾಳಂತೆ ರೀ. ಆರು ವರ್ಷ ಆಯ್ತು ನೋಡಿ," ಎಂದು ಮೂಗು ಒರೆಸಿಕೊಂಡಳು. ಅಂಥ ಮುಖ ನೋಡಿದ ಮೇಲೆ ಫೋನ್ ಮಾಡಿ ಬರಬೇಡಿ ಅನ್ನಲು ನಾನೇನು ರಾಕ್ಷಸನೇ? ನನ್ನ ಮೇಲೆ ನನಗೇ ಸ್ವಲ್ಪ ನಾಚಿಕೆಯೂ ಆಯಿತು.

ಇನ್ನು ಟೆಸ್ಟಿನ ವಿಷಯ. ಜೂನಿನಲ್ಲಿ ಫಲಿತಾಂಶ ಬಂತು. ಸಿರಿಶಾ ತರಗತಿಗೇ ಎರಡನೆಯವಳು. ನಾನು ಅಡುಗೆಮನೆಯಲ್ಲಿ ನಿಂತು ಸಣ್ಣ ಭಾಷಣಕ್ಕೆ ಸಿದ್ಧನಾದೆ.

"ಯಾವ್ದು ಬಂದಿತ್ತು ಪುಟ್ಟಾ? ವಾಷಿಂಗ್ಟನ್ನಾ? ಫ್ರಾಂಕ್ಲಿನ್ನಾ?"

"ನೈದರ್. ಇಟ್ಸ್ ದಿ ಅಮೆರಿಕನ್ ವೆಸ್ಟ್, ಅಪ್ಪಾ. ಕೌಬಾಯ್ಸ್. ರೈಲ್‌ರೋಡ್ಸ್. ಬಫೆಲೊ."

"ಏನು? ಎಮ್ಮೆನಾ?"

"ಕೈಂಡ್ ಆಫ್. ಯುವರ್ ಸ್ಟಫ್ ಈಸ್ ನಾಟ್ ಈವನ್ ಆನ್ ದಿ ಸಿಲಬಸ್. ಐ ಟ್ರೈಡ್ ಟು ಟೆಲ್ ಯು."

ಮೂರು ಶನಿವಾರವೂ ಅವಳು ಟ್ಯೂಬಿನಲ್ಲಿ, ಬಸ್ಸಿನಲ್ಲಿ, ಮರದ ಕೆಳಗೆ ನನ್ನ ಉಪನ್ಯಾಸ ಕಿವಿಗೆ ಬೀಳದ ಹಾಗೆ ಇಯರ್‌ಫೋನ್ ಹಾಕಿಕೊಂಡು ದನ ಕಾಯುವವರ ಪಾಠವನ್ನು ಕೇಳಿ ಮುಗಿಸಿದ್ದಳಂತೆ. ಮನೆಯಲ್ಲಾಗಿದ್ದರೆ ಅಷ್ಟು ಹೊತ್ತು ಬಿಡುವು ಸಿಗುತ್ತಿರಲಿಲ್ಲವಂತೆ. ಒಪ್ಪಂದದ ಪ್ರಕಾರ ಗೆದ್ದವನು ನಾನೇ. ವೇದವತಿ ಕೊಟ್ಟ ಮಾತಿಗೆ ತಪ್ಪಲಿಲ್ಲ. ಅಕ್ಕನ ಮನೆಗೆ ಹೋಗೋಣ ಎಂದು ಒಂದು ದಿನವೂ ಅನ್ನಲಿಲ್ಲ. ಅನ್ನುವ ಅಗತ್ಯವೂ ಇರಲಿಲ್ಲ.

"ನಾನು ಮೂರು ವಾರ ಕೇಳಿದ್ದೆ. ನೀವೇ ಐದು ವಾರ ಕೊಡಿಸಿದ್ರಿ," ಎಂದಳು, ಅತಿಥಿಗಳಿಗೆ ನಮ್ಮ ಮಂಚದ ಮೇಲೆ ಹೊಸ ಹೊದಿಕೆ ಹಾಸುತ್ತಾ. ನನ್ನ ಹಾಸಿಗೆ ಮುಂದಿನ ಕೋಣೆಯ ಸೋಫಾಕ್ಕೆ ವರ್ಗವಾಗಿತ್ತು.

ಬಂದರು. ಬಂದ ಅರ್ಧ ಗಂಟೆಯಲ್ಲಿ ನಮ್ಮ ಡಿಶ್‌ವಾಷರ್ ಖಾಲಿಯಾಗಿ, ಹೊಸ ಕ್ರಮದಲ್ಲಿ ತುಂಬಿಕೊಂಡಿತು. ನಮ್ಮ ಕಸದ ಬಿನ್‌ಗಳನ್ನು ಕೌನ್ಸಿಲ್ಲಿನವರು ಹೇಳಿದಂತೆ ಇಟ್ಟಿಲ್ಲ ಎಂದು ಮಾರನೇ ದಿನ ಕೌನ್ಸಿಲ್ಲಿನ ವೆಬ್‌ಸೈಟ್ ತೆರೆದು ತೋರಿಸಿದರು. "ಮಧು, ಈ ದೇಶದಲ್ಲಿ ಹೇಗೇಂದ್ರೆ..." ಎಂದು ಶುರುಮಾಡಿದಾಗ, ಈ ದೇಶದಲ್ಲಿ ಇರುವವನು ನಾನು ಎಂದು ನೆನಪಿಸಲು ಬಾಯಿ ತೆರೆದೆ. ಕೆಮ್ಮು ಬಂತು. ಮೊಣಕೈಯೊಳಗೆ ಕೆಮ್ಮಿದೆ.

ಬೆಳಿಗ್ಗೆ ತಿಂಡಿ ಮುಗಿದ ಮೇಲೆ ಅಕ್ಕತಂಗಿಯರು ಅಡುಗೆಮನೆ ಸೇರುತ್ತಿದ್ದರು. ಬಾಗಿಲು ಹಾಕಿಕೊಂಡು ಅದೇನು ಮಾತು, ಅದೇನು ನಗು! ವೇದವತಿ ಹಾಗೆ ಹೊಟ್ಟೆ ಹಿಡಿದು ನಗುವುದನ್ನು ನಾನು ಮರೆತೇಬಿಟ್ಟಿದ್ದೆ. ಆ ನಗು ಕೇಳಿದಾಗಲೆಲ್ಲ ನನ್ನ ಪ್ರತಿಜ್ಞೆಯಿಂದ ಇವಳಿಗೆ ಎಷ್ಟು ನಷ್ಟವಾಯಿತು ಎಂದು ಲೆಕ್ಕ ಹಾಕುತ್ತಿದ್ದೆ. ಮರುಕ್ಷಣವೇ ಷಡ್ಡಕರು ಶೂ ಹಾಕಿಕೊಂಡು ಬಾಗಿಲಲ್ಲಿ ನಿಂತು "ರೆಡಿನಾ ಮಧು?" ಅನ್ನುತ್ತಿದ್ದರು. ಫ್ರಾಂಕ್ಲಿನ್ನನ ಮನೆಗೆ ನಾಲ್ಕು ಸಲ ಹೋದೆವು. ಮೊದಲ ಸಲ ಅವರು ಕೇಳಿಸಿಕೊಂಡರು. ಎರಡನೇ ಸಲ ಪ್ರಶ್ನೆ ಕೇಳಿದರು. ಮೂರನೇ ಸಲ ಆ ಬಿಳಿಗೂದಲಿನ ಹೆಂಗಸಿಗೆ ತಾವೇ ವಿವರಿಸಿದರು. ನಾಲ್ಕನೇ ಸಲ ಆಕೆ ನನ್ನನ್ನು ನೋಡಿದ ನೋಟದಲ್ಲಿ ಅಪಾರ ಕರುಣೆ ಇತ್ತು.

ಹೀಗೆ ಐದು ವಾರವೂ ಮುಗಿಯಿತು. ಆಗಸ್ಟ್ ಇಪ್ಪತ್ತೊಂಬತ್ತರಂದು ನಾವೆಲ್ಲ ಹೀಥ್ರೂನಲ್ಲಿ ನಿಂತಿದ್ದೆವು. ಅಕ್ಕತಂಗಿಯರು ಅಪ್ಪಿಕೊಂಡು ಅಳುತ್ತಿದ್ದರು. ಅಶ್ವತ್ಥನಾರಾಯಣರ ಕಣ್ಣೂ ಒದ್ದೆಯಾಗಿತ್ತು. ನನ್ನ ಎರಡೂ ಕೈ ಹಿಡಿದುಕೊಂಡರು.

"ಮಧು, ಅಪ್ಪ ಹೋದ್ಮೇಲೆ ನನ್ನ ಜೊತೆ ಹೀಗೆ ದಿನಾ ಓಡಾಡಿದೋರು ಯಾರೂ ಇಲ್ಲ. ಈಗ ನೀವು ನಮ್ಮಲ್ಲಿಗೆ ಬರ್ಬೇಕು."

ಮನಸ್ಸು ಕರಗಿತು, ಸುಳ್ಳು ಹೇಳುವುದಿಲ್ಲ. ಆದರೆ ಬುದ್ಧಿ ಎಚ್ಚರವಾಗಿತ್ತು. ಈ ಸಲ ಜಾರಲಿಲ್ಲ. ಬರ್ತೀವಿ ಅನ್ನಲಿಲ್ಲ, ಬರಲ್ಲ ಅಂತಲೂ ಅನ್ನಲಿಲ್ಲ. ನಮ್ಮ ಹಿರಿಯರು ಇಂಥ ಹೊತ್ತಿಗಾಗಿಯೇ ಮಾಡಿಟ್ಟಿರುವ, ಯಾರಿಗೂ ನೋವಾಗದ, ಯಾವ ಅರ್ಥವೂ ಇಲ್ಲದ ಆ ಮಾತನ್ನು ಜೋಪಾನವಾಗಿ ಹೇಳಿದೆ:

"ಆಗ್ಲಿ, ನೋಡೋಣ. ಮುಂದೆ ಯಾವಾಗ್ಲಾದ್ರೂ ಒಂದ್ಸಲ ಬರೋಣ."

ಅಶ್ವತ್ಥನಾರಾಯಣರು ನನ್ನ ಕೈ ಬಿಟ್ಟು ಫೋನ್ ತೆಗೆದರು. "ಯಾವಾಗ್ಲಾದ್ರೂ ಅಂದ್ರೆ? ಕ್ರಿಸ್‌ಮಸ್ ವರ್ಕ್ ಆಗುತ್ತಾ?"

"ಡಿಸೆಂಬರ್ ಹದಿನೆಂಟಕ್ಕೆ ಸಿರಿಶಾಗೆ ಸ್ಕೂಲ್ ಮುಗಿಯುತ್ತೆ ಭಾವ," ಎಂದಳು ವೇದವತಿ, ಕಣ್ಣೊರೆಸಿಕೊಳ್ಳುತ್ತಲೇ. ನಮ್ಮ ಮೂವರ ಪಾಸ್‌ಪೋರ್ಟಿನ ಫೋಟೊಗಳೂ ಅವಳ ಫೋನಿನಲ್ಲಿ ಯಾವಾಗಿನಿಂದಲೋ ತಯಾರಾಗಿದ್ದವು.

ಅವರು ಸೆಕ್ಯುರಿಟಿ ದಾಟಿ ಮರೆಯಾಗುವ ಮುಂಚೆಯೇ ನನ್ನ ಜೇಬಿನಲ್ಲಿ ಫೋನ್ ಗುಂಯ್‌ಗುಟ್ಟಿತು. ಟಿಕೆಟ್. ಮೂರು ಹೆಸರು, ಮೂರು ವಾರ. ನನ್ನ ಹೆಸರೇ ಮೊದಲಿತ್ತು.